‘ಪಾಲಿ-’ ಎಂದರೆ ಎಷ್ಟು? ಇಂಗ್ಲಿಷಿನ ಒಂದು ಗ್ರೀಕ್ ಪೂರ್ವಾಂಗದ ರಚನೆ, ಅರ್ಥ ಮತ್ತು ಕನ್ನಡದ ‘ಬಹು-’

1. ಪ್ರಸ್ತಾವನೆ

ಇಂಗ್ಲಿಷ್ ನಿಘಂಟುಗಳು ‘ಪಾಲಿ-’ ಎಂಬ ಗ್ರೀಕ್ ಮೂಲದ ಪೂರ್ವಾಂಗಕ್ಕೆ ಮೊದಲು ಕೊಡುವ ಅರ್ಥ ‘ಅನೇಕ’ ಎಂದು. ಪಾಲಿಗನ್, ಪಾಲಿಗ್ಲಾಟ್, ಪಾಲಿಗಮಿ, ಪಾಲಿಸೆಮಿ ಮುಂತಾದ ಪದಗಳಿಗೆ ಈ ವಿವರಣೆ ಮೇಲುನೋಟಕ್ಕೆ ಸಾಕೆನಿಸುತ್ತದೆ. ಆದರೆ ಪಾಲಿಥೀನ್ ಚೀಲದಲ್ಲಿ ಅನೇಕವಾಗಿರುವುದು ಯಾವುದು? ಪಾಲಿಹೌಸ್ ಎಂಬುದು ಅನೇಕ ಮನೆಗಳ ಸಮೂಹವೆ? ಪಾಲಿಯೂರಿಯ ಎಂಬ ವೈದ್ಯಕೀಯ ಪದದಲ್ಲಿ ಎಣಿಸಬಹುದಾದದ್ದು ಏನಿದೆ? ಇಂತಹ ಪ್ರಶ್ನೆಗಳನ್ನು ಎತ್ತಿದೊಡನೆ, ವ್ಯುತ್ಪತ್ತಿಯಿಂದ ದೊರೆಯುವ ಅರ್ಥಕ್ಕೂ ಇಂದಿನ ಭಾಷಾವ್ಯವಸ್ಥೆಯಲ್ಲಿ ಆ ಅಂಗವು ನಿರ್ವಹಿಸುವ ಕಾರ್ಯಕ್ಕೂ ನಡುವೆ ಇರುವ ಅಂತರ ಗೋಚರಿಸುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಎರಡು ಮಾತುಗಳನ್ನು ಪ್ರತಿಪಾದಿಸುತ್ತೇವೆ. ಒಂದು: ‘ಪಾಲಿ-’ ಸೂಚಿಸುವ ಪ್ರಮಾಣವು ಅದರೊಳಗೆ ಅಡಕವಾಗಿರುವುದಲ್ಲ, ಆಯಾ ಶಾಸ್ತ್ರದ ಪದಶ್ರೇಣಿಯಲ್ಲಿ ಅದು ಯಾವ ಪೂರ್ವಾಂಗಗಳಿಗೆ ಎದುರಾಗಿ ನಿಂತಿದೆ ಎಂಬುದರಿಂದ ಆ ಪ್ರಮಾಣ ನಿರ್ಧಾರವಾಗುತ್ತದೆ. ಎರಡು: ಗ್ರೀಕಿನ ಬಹುವ್ರೀಹಿ ಸಮಾಸದ ಪೂರ್ವಪದವಾಗಿದ್ದ ಈ ರೂಪವು ಇಂಗ್ಲಿಷಿನಲ್ಲಿ ಮೊದಲು ಬದ್ಧರೂಪವಾಗಿ, ಬಳಿಕ ಶಾಸ್ತ್ರೀಯ ನಾಮಕರಣದ ಗುರುತಾಗಿ, ಕೊನೆಗೆ ಸ್ವತಂತ್ರ ನಾಮಪದವಾಗಿ ಪರಿಣಮಿಸಿದೆ, ಈ ಪ್ರತಿ ಹಂತದಲ್ಲೂ ‘ಅನೇಕ’ ಎಂಬ ಅರ್ಥ ತೆಳುವಾಗುತ್ತ ಬಂದಿದೆ. ಕನ್ನಡದಲ್ಲಿ ಇಂತಹ ಪದಗಳಿಗೆಲ್ಲ ‘ಬಹು-’ ಎಂಬ ಒಂದೇ ರೂಪವನ್ನು ಒದಗಿಸುವ ಪದರಚನಾ ಕ್ರಮವನ್ನು ಈ ಎರಡು ಮಾತುಗಳ ಬೆಳಕಿನಲ್ಲಿ ಮರುಪರಿಶೀಲಿಸುವುದು ಅಗತ್ಯವೆಂಬುದು ನಮ್ಮ ಅಭಿಪ್ರಾಯ.

‘ಪೂರ್ವಾಂಗ’ ಎಂಬ ಪದವನ್ನು ಇಲ್ಲಿ ಉದ್ದೇಶಪೂರ್ವಕವಾಗಿ ಬಳಸಿದ್ದೇವೆ. ‘ಪಾಲಿ-’ ಒಂದು ಪೂರ್ವಪ್ರತ್ಯಯವೋ ಸಮಾಸದ ಪೂರ್ವಪದವೋ ಎಂಬುದೇ ಚರ್ಚೆಯ ವಿಷಯವಾಗಿರುವುದರಿಂದ, ಆರಂಭದಲ್ಲಿಯೇ ಒಂದು ಪಕ್ಷವನ್ನು ಒಪ್ಪಿಕೊಳ್ಳುವ ಹೆಸರು ಉಚಿತವಲ್ಲ.

2. ಜ್ಞಾತಿಪದಗಳು ಮತ್ತು ಆಕಸ್ಮಿಕ ಹೋಲಿಕೆಗಳು

ಗ್ರೀಕಿನಲ್ಲಿ ‘ಪೊಲುಸ್’ ಒಂದು ಸ್ವತಂತ್ರ ಗುಣವಾಚಕ. ಎಣಿಸಬಹುದಾದ ವಸ್ತುಗಳ ವಿಷಯದಲ್ಲಿ ಅದು ‘ಹಲವು’ ಎಂದೂ, ಎಣಿಕೆಗೆ ಒಗ್ಗದ ದ್ರವ್ಯ, ಗುಣ, ಕಾಲಗಳ ವಿಷಯದಲ್ಲಿ ‘ಬಹಳ’ ಎಂದೂ ಅರ್ಥ ಕೊಡುತ್ತದೆ. ಅದರ ಬಹುವಚನ ರೂಪವೇ, ಜನಸಾಮಾನ್ಯರನ್ನು ಸೂಚಿಸಲು ಇಂಗ್ಲಿಷಿನಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಹಾಯ್ ಪೊಲಾಯ್’ ಎಂಬ ನುಡಿಗಟ್ಟಿನಲ್ಲಿ ಉಳಿದುಕೊಂಡಿದೆ.

ತೌಲನಿಕ ವ್ಯಾಕರಣದ ದೃಷ್ಟಿಯಿಂದ ‘ಪೊಲುಸ್’ ಎಂಬುದರ ಜ್ಞಾತಿಪದ ಸಂಸ್ಕೃತದ ‘ಪುರು’. ಅವೆಸ್ತಾದ ‘ಪೊಉರು’, ಪ್ರಾಚೀನ ಪಾರಸಿಯ ‘ಪರು’, ಗಾಥಿಕ್ ಭಾಷೆಯ ‘ಫಿಲು’, ಜರ್ಮನ್ನಿನ ‘ಫೀಲ್’ ಇವೆಲ್ಲ ಅದೇ ಕುಟುಂಬದವು. ಇವುಗಳ ಹಿಂದಿರುವ ಮೂಲ ಇಂಡೋ-ಯುರೋಪಿಯನ್ ಧಾತುವಿನ ಅರ್ಥ ‘ತುಂಬು’ ಎಂದು. ಸಂಸ್ಕೃತದ ‘ಪೂರ್ಣ’, ಇಂಗ್ಲಿಷಿನ ‘ಫುಲ್’, ಲ್ಯಾಟಿನ್ನಿನ ‘ಪ್ಲೇನುಸ್’ ಮತ್ತು ‘ಪ್ಲೂಸ್’ ಆ ಧಾತುವಿನಿಂದಲೇ ಹುಟ್ಟಿದವು. ‘ಪ್ಲೂಸ್’ ಎಂಬುದರಿಂದ ಇಂಗ್ಲಿಷಿನ ‘ಪ್ಲೂರಲ್’ ಬಂದಿರುವುದರಿಂದ, ಬಹುವಚನವನ್ನು ಹೇಳುವ ಇಂಗ್ಲಿಷ್ ಪಾರಿಭಾಷಿಕವೂ ‘ಪಾಲಿ-’ ಎಂಬ ಪೂರ್ವಾಂಗವೂ ದೂರದ ದಾಯಾದಿಗಳೆಂದಾಯಿತು. ವೇದದಲ್ಲಿ ಇಂದ್ರನಿಗೆ ಬರುವ ‘ಪುರುಹೂತ’ ಎಂಬ ವಿಶೇಷಣವೂ ಹೋಮರನಲ್ಲಿ ಒಡಿಸ್ಸ್ಯೂಸನಿಗೆ ಬರುವ ‘ಪೊಲುತ್ರೊಪೊಸ್’, ‘ಪೊಲುಮೇತಿಸ್’ ಎಂಬ ವಿಶೇಷಣಗಳೂ ಒಂದೇ ಪೂರ್ವಪದದಿಂದ, ಒಂದೇ ಬಗೆಯ ಕಾವ್ಯಸಂಪ್ರದಾಯದಲ್ಲಿ ರೂಪುಗೊಂಡವು.

ಕನ್ನಡದಲ್ಲಿ ‘ಪಾಲಿ-’ ಎಂಬುದಕ್ಕೆ ಸಂವಾದಿಯಾಗಿ ನಾವು ಬಳಸುವುದು ‘ಪುರು-’ ಅಲ್ಲ, ‘ಬಹು-’. ಇದರ ಗ್ರೀಕ್ ಜ್ಞಾತಿಪದ ‘ದಪ್ಪ’ ಎಂಬ ಅರ್ಥದ ‘ಪಖುಸ್’ ಎಂದು ತೌಲನಿಕ ವಿದ್ವಾಂಸರು ಗುರುತಿಸಿದ್ದಾರೆ. ಆನೆ, ಘೇಂಡಾಮೃಗಗಳಂತಹ ದಪ್ಪಚರ್ಮದ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿರುವ ‘ಪ್ಯಾಕಿಡರ್ಮ್’ ಎಂಬ ಹೆಸರಿನ ಮೊದಲ ಭಾಗ ಅದೇ. ಅರ್ಥದಲ್ಲಿ ಸಮಾನವಾದವು ಮೂಲದಲ್ಲಿಯೂ ಸಮಾನವಾಗಿರಬೇಕಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಅಷ್ಟೇ ಮುಖ್ಯ. ಹಳಗನ್ನಡದ ‘ಪಲವು’, ಅದರಿಂದ ಬಂದ ಇಂದಿನ ‘ಹಲವು’, ತಮಿಳಿನ ‘ಪಲ’ ಇವು ಧ್ವನಿಯಲ್ಲೂ ಅರ್ಥದಲ್ಲೂ ‘ಪೊಲುಸ್’ ಎಂಬುದಕ್ಕೆ ಬಹಳ ಹತ್ತಿರವಾಗಿ ಕಾಣುತ್ತವೆ. ಆದರೆ ಇಂಡೋ-ಯುರೋಪಿಯನ್ ಪದಗಳ ನಡುವೆ ಇರುವಂತಹ ಕ್ರಮಬದ್ಧ ಧ್ವನಿಸಂವಾದ ದ್ರಾವಿಡ ರೂಪಗಳಿಗೂ ಗ್ರೀಕಿಗೂ ನಡುವೆ ಇಲ್ಲ. ‘ಪುರು’ ಕಿವಿಗೆ ದೂರವಾದರೂ ಜ್ಞಾತಿ, ‘ಪಲವು’ ಕಿವಿಗೆ ಹತ್ತಿರವಾದರೂ ಅನ್ಯ.

3. ಬಹುವ್ರೀಹಿಯಾಗಿ ಆರಂಭ

ಗ್ರೀಕಿನಲ್ಲಿ ‘ಪೊಲು-’ ಪೂರ್ವಪದವಾಗಿರುವ ಸಮಾಸಗಳಲ್ಲಿ ದೊಡ್ಡ ಪಾಲು ಬಹುವ್ರೀಹಿಗಳು. ‘ಪೊಲುಗೋನೊಸ್’ ಎಂದರೆ ಅನೇಕ ಕೋನಗಳುಳ್ಳದ್ದು. ‘ಪೊಲುಗ್ಲೋತ್ತೊಸ್’ ಎಂದರೆ ಅನೇಕ ನಾಲಗೆಗಳುಳ್ಳವನು. ‘ಪೊಲುಪೂಸ್’ ಎಂದರೆ ಅನೇಕ ಪಾದಗಳುಳ್ಳದ್ದು. ಮೂರರಲ್ಲೂ ಸಮಾಸದ ಅರ್ಥ ಅದರ ಎರಡು ಪದಗಳ ಹೊರಗಿದೆ. ಬಹುವ್ರೀಹಿ ಎಂಬ ಪಾರಿಭಾಷಿಕವೇ ‘ಬಹಳ ಬತ್ತವುಳ್ಳವನು’ ಎಂಬ ಅರ್ಥದ, ಇದೇ ಮಾದರಿಯ ಸಮಾಸವೆಂಬುದು ಸಂಸ್ಕೃತ ವ್ಯಾಕರಣವನ್ನು ಬಲ್ಲ ಓದುಗರಿಗೆ ತಿಳಿದದ್ದೇ. ಹೆಸರೇ ಉದಾಹರಣೆಯಾಗಿರುವ ಈ ಸಮಾಸಕ್ಕೆ ಗ್ರೀಕಿನ ‘ಪೊಲು-’ ಪದಗಳಿಗಿಂತ ಹತ್ತಿರದ ಸಂವಾದಿಯನ್ನು ಹುಡುಕುವುದು ಕಷ್ಟ.

ಈ ಪದಗಳು ಇಂಗ್ಲಿಷಿಗೆ ಬಂದದ್ದು ನೇರವಾಗಿ ಅಲ್ಲ. ಹೆಚ್ಚಿನವು ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ, ವಿಶೇಷವಾಗಿ 16 ಮತ್ತು 17ನೆಯ ಶತಮಾನಗಳ ವಿದ್ವತ್ಪ್ರಪಂಚದ ಮೂಲಕ ಬಂದವು. ಸ್ಪೇನಿನ ಅಲ್ಕಲಾದಲ್ಲಿ 1514ರಿಂದ 1517ರವರೆಗೆ ಮುದ್ರಣಗೊಂಡ, ಹೀಬ್ರೂ, ಅರಮಾಯಿಕ್, ಗ್ರೀಕ್, ಲ್ಯಾಟಿನ್ ಪಾಠಗಳನ್ನು ಒಂದೆಡೆ ಕೊಟ್ಟ ಬೈಬಲ್ಲನ್ನು ಇಂದು ‘ಕಾಂಪ್ಲುಟೆನ್ಸಿಯನ್ ಪಾಲಿಗ್ಲಾಟ್’ ಎಂದು ಕರೆಯುತ್ತಾರೆ. ಇಲ್ಲಿ ‘ನಾಲಗೆಗಳುಳ್ಳ’ ಎಂಬ ವಿಶೇಷಣ ಮನುಷ್ಯನಿಂದ ಗ್ರಂಥಕ್ಕೆ ವರ್ಗವಾಗಿದೆ. ಬಹುವ್ರೀಹಿಯ ಸ್ವಭಾವಕ್ಕೆ ಇದು ಅನುಗುಣವಾದದ್ದೇ.

ಇಂತಹ ಎರವಲುಗಳಲ್ಲಿ ಅಂಗಗಳ ಗಡಿ ಅಳಿದುಹೋಗುವುದೂ ಉಂಟು. ‘ಪೊಲುಪೂಸ್’ ಎಂಬುದು ಗ್ರೀಕರಿಗೆ ಎಂಟು ತೋಳುಗಳ ಕಡಲಜೀವಿಯ ಹೆಸರಾಗಿತ್ತು; ಮೂಗಿನೊಳಗೆ ಬೆಳೆಯುವ ಗಂಟಿಗೂ ವೈದ್ಯರು ಅದೇ ಹೆಸರನ್ನು ಬಳಸಿದರು. ಲ್ಯಾಟಿನ್ನಿನ ‘ಪೊಲಿಪುಸ್’, ಫ್ರೆಂಚಿನ ‘ಪೊಲಿಪ್’ ಎಂಬ ರೂಪಗಳನ್ನು ಹಾದು ಅದು ಇಂಗ್ಲಿಷಿನ ‘ಪಾಲಿಪ್’ ಆಯಿತು. ಪಾದವನ್ನು ಸೂಚಿಸುವ ಉತ್ತರಪದದಲ್ಲಿ ಉಳಿದಿರುವುದು ಕೊನೆಯ ಒಂದು ಪಕಾರ ಮಾತ್ರ. ವ್ಯುತ್ಪತ್ತಿಯನ್ನು ಅರಿಯದ ಇಂಗ್ಲಿಷ್ ಭಾಷಿಕನಿಗೆ ಈ ಪದ ಅವಿಭಾಜ್ಯ. ಆತನ ಭಾಷಾಜ್ಞಾನದಲ್ಲಿ ಇಲ್ಲಿ ‘ಪಾಲಿ-’ ಇಲ್ಲವೆಂದೇ ಹೇಳಬೇಕು.

4. ಬರಹ, ಬಲಾಘಾತ ಮತ್ತು ಸುಳ್ಳು ಹೋಲಿಕೆ

ಗ್ರೀಕಿನ ಉಪ್ಸಿಲಾನ್ ಅಕ್ಷರಕ್ಕೆ ಸಂವಾದಿಯಾಗಿ ಇಂಗ್ಲಿಷ್ ಬರಹವು ‘ವೈ’ ಅಕ್ಷರವನ್ನು ಉಳಿಸಿಕೊಂಡಿದೆ. ನಗರ ಎಂಬ ಅರ್ಥದ ‘ಪೊಲಿಸ್’ ಎಂಬ ಗ್ರೀಕ್ ಪದದಿಂದ ಬಂದ ಪೊಲೀಸ್, ಪಾಲಿಟಿಕ್ಸ್ ಮುಂತಾದವು ‘ಐ’ ಅಕ್ಷರವನ್ನು ಪಡೆಯುತ್ತವೆ. ಧೋರಣೆ ಎಂಬ ಅರ್ಥದ ‘ಪಾಲಿಸಿ’ಯೂ ಈ ಎರಡನೆಯ ಗುಂಪಿನದು. ವಿಮೆಯ ‘ಪಾಲಿಸಿ’ ಮಾತ್ರ ಇವೆರಡಕ್ಕೂ ಸೇರಿದ್ದಲ್ಲ. ಇಟಲಿಯ ‘ಪೊಲಿತ್ಸ’ ಎಂಬ ರೂಪದ ಹಿಂದೆ ‘ನಿರೂಪಣೆ, ಪುರಾವೆ’ ಎಂಬ ಅರ್ಥದ ಗ್ರೀಕ್ ‘ಅಪೊದೆಯ್ಕ್ಸಿಸ್’ ಇದೆ. ಉಚ್ಚಾರಣೆಯಲ್ಲಿ ಬೆರೆತುಹೋಗುವ ಈ ಮೂಲಗಳನ್ನು ಇಂಗ್ಲಿಷ್ ಬರಹ ಒಂದಿಷ್ಟಾದರೂ ಬೇರ್ಪಡಿಸುತ್ತದೆ. ಕನ್ನಡ ಲಿಪಿಯಲ್ಲಿ ಪಾಲಿಸಿ, ಪಾಲಿಟಿಕ್ಸ್, ಪಾಲಿಥೀನ್, ಪಾಲಿಟೆಕ್ನಿಕ್ ಎಲ್ಲವೂ ಒಂದೇ ಬಗೆಯಾಗಿ ಆರಂಭವಾಗುತ್ತವೆ. ವ್ಯುತ್ಪತ್ತಿಯ ಸುಳಿವು ಪೂರ್ಣವಾಗಿ ಮರೆಯಾಗುತ್ತದೆ.

ಈ ಬೆರಕೆ ಕೇವಲ ಬರಹದ ತೊಡಕಲ್ಲ, ಅರ್ಥವನ್ನೂ ಬದಲಿಸಬಲ್ಲದು ಎಂಬುದಕ್ಕೆ ‘ಪಾಲಿಕ್ಲಿನಿಕ್’ ಉತ್ತಮ ಉದಾಹರಣೆ. ಜರ್ಮನ್ನಿನ ‘ಪೊಲಿಕ್ಲಿನಿಕ್’ ಎಂಬ ಪದದ ಪೂರ್ವಭಾಗ ನಗರವಾಚಿಯಾದ ‘ಪೊಲಿಸ್’. ಅದು ಇಂಗ್ಲಿಷಿಗೆ ಬಂದಾಗ ಮೊದಲ ಭಾಗವನ್ನು ‘ಅನೇಕ’ ಎಂದು ಗ್ರಹಿಸಿ, ಅಕ್ಷರವನ್ನೂ ಅದಕ್ಕೆ ತಕ್ಕಂತೆ ಬದಲಿಸಿದ ರೂಪವೊಂದು ಬಳಕೆಗೆ ಬಂತು. ಹಲವು ವಿಭಾಗಗಳ ವೈದ್ಯರು ಒಂದೇ ಕಟ್ಟಡದಲ್ಲಿ ದೊರೆಯುವ ಚಿಕಿತ್ಸಾಲಯ ಎಂಬ ಇಂದಿನ ಅರ್ಥವು ಈ ಮರುವಿಶ್ಲೇಷಣೆಗೆ ಹೊಂದಿಕೊಂಡಿದೆ. ಕರ್ನಾಟಕದ ಊರುಗಳ ಫಲಕಗಳಲ್ಲಿ ಕಾಣುವ ‘ಪಾಲಿಕ್ಲಿನಿಕ್’ ಈ ಅರ್ಥದ್ದೇ. ಐತಿಹಾಸಿಕವಾಗಿ ಇದು ಲೋಕವ್ಯುತ್ಪತ್ತಿ. ಇಂದಿನ ವ್ಯವಸ್ಥೆಯ ದೃಷ್ಟಿಯಿಂದ ‘ಪಾಲಿ-’ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ. ಭಾಷಿಕರು ಗುರುತಿಸಲಾರದ ಅಂಗವನ್ನು ಅವರು ಮತ್ತೊಂದು ಪದದೊಳಕ್ಕೆ ಓದಿಕೊಳ್ಳಲಾರರು.

ಬಲಾಘಾತವೂ ಇಂತಹದೇ ಸಾಕ್ಷ್ಯವನ್ನು ಒದಗಿಸುತ್ತದೆ. ‘ಪಾಲಿಗಮಿ’, ‘ಪಾಲಿಫನಿ’, ‘ಪಾಲಿಜಿನಿ’ ಎಂಬ ಪದಗಳಲ್ಲಿ ಇಂಗ್ಲಿಷ್ ಭಾಷಿಕರು ಎರಡನೆಯ ಅಕ್ಷರದ ಮೇಲೆ ಒತ್ತು ಹಾಕುತ್ತಾರೆ. ಮೊದಲ ಸ್ವರ ಕ್ಷೀಣಿಸುತ್ತದೆ. ಪೂರ್ವಾಂಗದ ನಡುವೆಯೇ ಪದದ ಮುಖ್ಯ ಒತ್ತು ಬೀಳುವುದರಿಂದ ಇಡೀ ಪದ ಒಂದೇ ಘಟಕವಾಗಿ ನಡೆದುಕೊಳ್ಳುತ್ತದೆ. ಹೊಸ ರಚನೆಗಳಾದ ‘ಪಾಲಿಎಥಿಲೀನ್’, ‘ಪಾಲಿಅಮರಿ’, ‘ಪಾಲಿಅನ್‌ಸ್ಯಾಚುರೇಟೆಡ್’ ಮೊದಲಾದವುಗಳಲ್ಲಿ ಪೂರ್ವಾಂಗವು ತನ್ನದೇ ಒತ್ತನ್ನೂ ಪೂರ್ಣ ಸ್ವರವನ್ನೂ ಉಳಿಸಿಕೊಂಡು ಪ್ರತ್ಯೇಕ ಪದದಂತೆ ನಿಲ್ಲುತ್ತದೆ. ‘ಪಾಲಿಸೆಮಿ’ ಎಂಬ ನಮ್ಮದೇ ಶಾಸ್ತ್ರದ ಪದಕ್ಕೆ ಎರಡೂ ಬಗೆಯ ಉಚ್ಚಾರಣೆಗಳಿರುವುದು ಗಮನಾರ್ಹ.

5. ‘ಅನೇಕ’ ಎಲ್ಲಿಂದ ಆರಂಭವಾಗುತ್ತದೆ?

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಪಾಲಿಥೀಯಿಸಂ ಎಂಬುದಕ್ಕೆ ಎದುರಾಗಿರುವುದು ಮಾನೊಥೀಯಿಸಂ. ಆದ್ದರಿಂದ ಒಂದಕ್ಕಿಂತ ಹೆಚ್ಚು ದೇವರುಗಳನ್ನು ನಂಬಿದರೆ ಸಾಕು. ಪಾಲಿಗಮಿಯೂ ಹೀಗೆಯೇ, ಎರಡನೆಯ ಸಂಗಾತಿಯೊಡನೆ ‘ಅನೇಕ’ ಆರಂಭವಾಗುತ್ತದೆ. ತಳಿವಿಜ್ಞಾನದಲ್ಲಿ ಒಂದು ಜೊತೆ ವರ್ಣತಂತುಗಳಿಗೆ ‘ಹ್ಯಾಪ್ಲಾಯ್ಡ್’, ಎರಡಕ್ಕೆ ‘ಡಿಪ್ಲಾಯ್ಡ್’ ಎಂಬ ಹೆಸರುಗಳು ಸಿದ್ಧವಾಗಿರುವುದರಿಂದ ‘ಪಾಲಿಪ್ಲಾಯ್ಡ್’ ಮೂರರಿಂದ ಆರಂಭವಾಗುತ್ತದೆ. ನಾವು ಬೆಳೆಯುವ ಬಾಳೆಯ ಹೆಚ್ಚಿನ ತಳಿಗಳು ಮೂರು ಜೊತೆಗಳವು, ರೊಟ್ಟಿಗೋಧಿ ಆರು ಜೊತೆಗಳದು, ಎರಡೂ ಪಾಲಿಪ್ಲಾಯ್ಡ್. ಪದದ ಅಕ್ಷರಗಳನ್ನು ಎಣಿಸುವಾಗ ಒಂದು, ಎರಡು, ಮೂರಕ್ಕೆ ಬೇರೆ ಬೇರೆ ಹೆಸರುಗಳಿರುವುದರಿಂದ ‘ಪಾಲಿಸಿಲಬಿಕ್’ ಎಂಬುದನ್ನು ಹಲವು ನಿಘಂಟುಗಳು ಮೂರಕ್ಕಿಂತ ಹೆಚ್ಚು ಅಕ್ಷರಗಳುಳ್ಳದ್ದೆಂದು ವಿವರಿಸುತ್ತವೆ. ಪಾಲಿಡ್ಯಾಕ್ಟಿಲಿಯಲ್ಲಿ ಲೆಕ್ಕ ಬೇರೆಯೇ: ಐದು ಬೆರಳುಗಳಿರುವುದು ಸಹಜ, ಆರನೆಯದು ‘ಅನೇಕ’. ಇಲ್ಲಿ ಪೂರ್ವಾಂಗವು ಸಂಖ್ಯೆಯನ್ನು ಹೇಳುವುದಿಲ್ಲ, ಸಹಜಮಿತಿಯ ಉಲ್ಲಂಘನೆಯನ್ನು ಹೇಳುತ್ತದೆ.

ಅತ್ಯಂತ ಸ್ಪಷ್ಟ ನಿದರ್ಶನ ಲಿನೇಯಸ್‌ನ ಸಸ್ಯವರ್ಗೀಕರಣದಲ್ಲಿ ದೊರೆಯುತ್ತದೆ. 1735ರಲ್ಲಿ ಪ್ರಕಟವಾದ ‘ಸಿಸ್ಟೆಮಾ ನಾತುರೇ’ ಗ್ರಂಥದಲ್ಲಿ ಆತ ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದ; ಮೊದಲ ವರ್ಗಗಳಿಗೆ ಕೇಸರಗಳ ಸಂಖ್ಯೆಯೇ ಆಧಾರ. ಕೇಸರಗಳನ್ನು ಗಂಡಂದಿರೆಂದು ಭಾವಿಸಿ ಮೊನಾಂಡ್ರಿಯ, ಡಯಾಂಡ್ರಿಯ, ಟ್ರಯಾಂಡ್ರಿಯ ಎಂದು ಹೆಸರಿಸುತ್ತ ಹೋದ. ಹತ್ತು, ಹನ್ನೆರಡು ಕೇಸರಗಳ ವರ್ಗಗಳಿಗೂ ಸಂಖ್ಯಾವಾಚಿ ಹೆಸರುಗಳಿದ್ದುದರಿಂದ, 13ನೆಯ ವರ್ಗವಾದ ‘ಪಾಲಿಆಂಡ್ರಿಯ’ ಇಪ್ಪತ್ತು ಮತ್ತು ಅದಕ್ಕೂ ಹೆಚ್ಚು ಕೇಸರಗಳ ಹೂಗಳಿಗೆ ಮೀಸಲಾಯಿತು. ಮಾನವಶಾಸ್ತ್ರದ ‘ಪಾಲಿಆಂಡ್ರಿ’ಯೂ ಅದೇ ಎರಡು ಗ್ರೀಕ್ ಅಂಗಗಳಿಂದಾದ ಪದವೇ, ಅಲ್ಲಿ ಇಬ್ಬರು ಗಂಡಂದಿರು ಸಾಕು. ಅಂಗಗಳು ಒಂದೇ ಆದರೂ ಕೆಳಮಿತಿ ಒಂದೆಡೆ ಎರಡು, ಇನ್ನೊಂದೆಡೆ ಇಪ್ಪತ್ತು. ವ್ಯತ್ಯಾಸಕ್ಕೆ ಕಾರಣ ಅಂಗಗಳಲ್ಲಿಲ್ಲ, ಅವು ಸೇರಿಕೊಂಡಿರುವ ಶ್ರೇಣಿಗಳಲ್ಲಿದೆ.

ಶ್ರೇಣಿಯ ತಳದವರೆಗೂ ‘ಪಾಲಿ-’ ಇಳಿಯುವುದೂ ಉಂಟು. ಪಾಲಿಗನ್ ಎಂಬುದು ತ್ರಿಭುಜವನ್ನೂ ಒಳಗೊಳ್ಳುತ್ತದೆ. ಬೀಜಗಣಿತದ ಪಾಲಿನಾಮಿಯಲ್ ಏಕಪದೋಕ್ತಿಯನ್ನೂ ಒಳಗೊಳ್ಳುತ್ತದೆ. ಇಲ್ಲಿ ಒಂದೂ ‘ಅನೇಕ’ವೇ. ಎದುರುಪದವಾಗಿದ್ದದ್ದು ಮೇಲ್ವರ್ಗದ ಸಾಮಾನ್ಯ ಹೆಸರಾದಾಗ ಹೀಗಾಗುತ್ತದೆ. ಇನ್ನು ಪಾಲಿಯೂರಿಯ, ಪಾಲಿಡಿಪ್ಸಿಯ, ಪಾಲಿಫೇಜಿಯ ಎಂಬ ವೈದ್ಯಕೀಯ ಪದಗಳಲ್ಲಿ ಸಂಖ್ಯೆಯ ಮಾತೇ ಇಲ್ಲ. ಅತಿಯಾದ ಮೂತ್ರ, ಅತಿಯಾದ ಬಾಯಾರಿಕೆ, ಅತಿಯಾದ ಹಸಿವು ಇಲ್ಲಿನ ಅರ್ಥ. ಗ್ರೀಕಿನ ‘ಪೊಲುಸ್’ ಎಂಬುದರ ‘ಬಹಳ’ ಎಂಬ ಎರಡನೆಯ ಅರ್ಥ ಈ ಗುಂಪಿನಲ್ಲಿ ಮುಂದುವರಿದಿದೆ.

ಇಂತಹ ಶ್ರೇಣಿಸಾಪೇಕ್ಷತೆ ನಮಗೆ ಹೊಸದೇನಲ್ಲ. ಸಂಸ್ಕೃತದಲ್ಲಿ ದ್ವಿವಚನವಿರುವುದರಿಂದ ಬಹುವಚನ ಮೂರರಿಂದ ಆರಂಭವಾಗುತ್ತದೆ. ಏಕವಚನ, ಬಹುವಚನಗಳೆರಡೇ ಇರುವ ಇಂದಿನ ಕನ್ನಡದಲ್ಲಿ ಅದೇ ಪಾರಿಭಾಷಿಕ ಎರಡರಿಂದ ಆರಂಭವಾಗುತ್ತದೆ. ‘ಬಹುವಚನ’ ಎಂಬ ಪದ ಬದಲಾಗಿಲ್ಲ; ಅದರ ಎದುರುಗಡೆ ನಿಂತಿರುವವು ಬದಲಾಗಿವೆ.

6. ಶಾಸ್ತ್ರೀಯ ನಾಮಕರಣದಲ್ಲಿ ‘ಪಾಲಿ-’

19ನೆಯ ಶತಮಾನದಲ್ಲಿ ಪೂರ್ವಾಂಗದ ಇತಿಹಾಸ ಹೊಸ ತಿರುವು ಪಡೆಯಿತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1833ರಲ್ಲಿ, ಘಟಕಗಳ ಅನುಪಾತ ಒಂದೇ ಆಗಿದ್ದು ಪರಮಾಣುಗಳ ಒಟ್ಟು ಸಂಖ್ಯೆಯಲ್ಲಿ ಭಿನ್ನವಾದ ಸಂಯುಕ್ತಗಳನ್ನು ‘ಪಾಲಿಮರ್’ ವರ್ಗಕ್ಕೆ ಸೇರಿಸಿದ. ‘ಅನೇಕ ಭಾಗಗಳುಳ್ಳ’ ಎಂಬ ಅರ್ಥದ ‘ಪೊಲುಮೆರೇಸ್’ ಗ್ರೀಕಿನಲ್ಲಿ ಮೊದಲೇ ಇದ್ದ ಬಹುವ್ರೀಹಿ. ಆದರೆ ಬರ್ಜೀಲಿಯಸ್‌ನ ಬಳಕೆಯಲ್ಲಿ ಅದು ಆತನೇ ರೂಢಿಸಿದ ‘ಐಸೊಮರ್’ ಎಂಬುದರ ಜೊತೆಗಾರ ಪದ. ಸಾವಿರಾರು ಸಣ್ಣ ಅಣುಗಳು ಕೊಂಡಿಕೊಂಡಿಯಾಗಿ ಸೇರಿದ ದೀರ್ಘಾಣು ಎಂಬ ಇಂದಿನ ಅರ್ಥಕ್ಕೆ ತಳಹದಿ ಹಾಕಿದವನು ಹೆರ್ಮನ್ ಸ್ಟೌಡಿಂಗರ್, 1920ರಲ್ಲಿ. ಪದ ಹಾಗೆಯೇ ಉಳಿಯಿತು, ಅದರ ‘ಅನೇಕ’ ಮಾತ್ರ ಬೇರೊಂದು ಸಂಗತಿಯ ಅನೇಕವಾಯಿತು.

ಈ ಅರ್ಥ ನೆಲೆಗೊಂಡ ಬಳಿಕ ‘ಪಾಲಿ-’ ರಾಸಾಯನಿಕ ನಾಮಕರಣದ ಒಂದು ಗುರುತಾಯಿತು. 1933ರಲ್ಲಿ ಇಂಗ್ಲೆಂಡಿನ ಚೆಷೈರಿನಲ್ಲಿದ್ದ ಐಸಿಐ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಥಿಲೀನ್ ಅನಿಲ ಅಧಿಕ ಒತ್ತಡದಲ್ಲಿ ಮೇಣದಂತಹ ಘನವಸ್ತುವಾದಾಗ, ಆ ಪದಾರ್ಥ ಪಡೆದ ಹೆಸರು ‘ಪಾಲಿಎಥಿಲೀನ್’. ಅದರ ಸಂಕುಚಿತ ರೂಪವೇ ‘ಪಾಲಿಥೀನ್’. ಈ ಹೆಸರನ್ನು ‘ಅನೇಕ ಎಥಿಲೀನ್‌ಗಳು’ ಎಂದು ಬಿಡಿಸಲಾಗದು. ಎಥಿಲೀನಿನ ಲಕ್ಷಣವಾದ ದ್ವಿಬಂಧವು ಅಣುಗಳು ಸೇರುವಾಗಲೇ ಇಲ್ಲವಾಗುತ್ತದೆ. ಪಾಲಿಎಥಿಲೀನಿನಲ್ಲಿ ಎಥಿಲೀನ್ ಉಳಿದಿರುವುದಿಲ್ಲ. ಹೆಸರು ಪದಾರ್ಥದ ಹುಟ್ಟನ್ನು ಹೇಳುತ್ತದೆಯೇ ಹೊರತು ಅದರೊಳಗಿನ ಎಣಿಕೆಯನ್ನು ಹೇಳುವುದಿಲ್ಲ. ಆದ್ದರಿಂದಲೇ ರಚನೆಯನ್ನು ಆಧರಿಸಿದ ಅಂತರರಾಷ್ಟ್ರೀಯ ನಾಮಕರಣ ಪದ್ಧತಿಯಲ್ಲಿ ಇದಕ್ಕೆ ‘ಪಾಲಿಮೆಥಿಲೀನ್’ ಎಂಬ ಬೇರೆಯ ಹೆಸರು ಬರುತ್ತದೆ. ಇಲ್ಲಿ ‘ಪಾಲಿ-’ ಎಂದರೆ ‘ಇದರಿಂದಾದ ಪಾಲಿಮರ್’. ಪೂರ್ವಾಂಗವು ತಾನು ಹಿಂದೆ ಸೇರಿದ್ದ ಇಡೀ ಪದದ ಅರ್ಥವನ್ನು ಹೀರಿಕೊಂಡಿದೆ.

ಸಮಾಸದ ಬಗೆಯೂ ಇದರೊಡನೆ ಬದಲಾಗಿದೆ. ಪಾಲಿಗ್ಲಾಟ್ ಎಂಬುದು ಒಂದು ಬಗೆಯ ನಾಲಗೆಯಲ್ಲ. ಪಾಲಿಕ್ಲಿನಿಕ್ ಒಂದು ಬಗೆಯ ಕ್ಲಿನಿಕ್, ಪಾಲಿಕ್ರೈಸಿಸ್ ಒಂದು ಬಗೆಯ ಕ್ರೈಸಿಸ್. ಮೊದಲನೆಯದರಲ್ಲಿ ಅನ್ಯಪದಾರ್ಥ ಪ್ರಧಾನ, ಉಳಿದವುಗಳಲ್ಲಿ ಉತ್ತರಪದಾರ್ಥ ಪ್ರಧಾನ. ಎಡ್ಗರ್ ಮೊರಾನ್ ಮತ್ತು ಆನ್ ಬ್ರಿಜಿತ್ ಕೆರ್ನ್ 1993ರ ಕೃತಿಯಲ್ಲಿ ಬಳಸಿದ, ಇತ್ತೀಚಿನ ವರ್ಷಗಳಲ್ಲಿ ಆರ್ಥಿಕ ಬರಹಗಳಲ್ಲಿ ಹರಡಿರುವ ‘ಪಾಲಿಕ್ರೈಸಿಸ್’ ಎಂಬ ಪದವು ಏಕವಚನದಲ್ಲಿಯೇ ನಿಲ್ಲುತ್ತದೆ. ಬಿಕ್ಕಟ್ಟುಗಳ ಎಣಿಕೆಗಿಂತ ಅವು ಪರಸ್ಪರ ಹೆಣೆದುಕೊಂಡಿರುವುದೇ ಅದರ ತಿರುಳು.

ಅಂಗಗಳ ಕ್ರಮವನ್ನು ನಿರ್ಧರಿಸುವಲ್ಲಿಯೂ ಎಚ್ಚರ ಬೇಕು. 1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಮತ್ತು ಸಹೋದ್ಯೋಗಿಗಳು ಗುರುತಿಸಿದ ಕಿಣ್ವಕ್ಕೆ ಸಂದ ‘ಪಾಲಿಮರೇಸ್’ ಎಂಬ ಹೆಸರನ್ನು ‘ಪಾಲಿ’ ಮತ್ತು ‘ಮರೇಸ್’ ಎಂದು ಒಡೆಯುವಂತಿಲ್ಲ. ಮೊದಲು ‘ಪಾಲಿಮರ್’ ಸಿದ್ಧವಾಗಿ, ಬಳಿಕ ಕಿಣ್ವಸೂಚಕ ‘-ಏಸ್’ ಸೇರಿದೆ. ಆ ‘-ಏಸ್’ ಕೂಡ 1833ರಲ್ಲಿ ರೂಪುಗೊಂಡ ‘ಡಯಸ್ಟೇಸ್’ ಎಂಬ ಪದದ ತುದಿಯನ್ನು ಕತ್ತರಿಸಿ ಮಾಡಿಕೊಂಡದ್ದು. ಪದಗಳ ತುಂಡುಗಳು ಪ್ರತ್ಯಯಗಳಾಗುವ ಈ ಪ್ರಕ್ರಿಯೆ ‘ಪಾಲಿ-’ ಒಂದಕ್ಕೇ ಸೀಮಿತವಲ್ಲ.

ಹೊಸ ರಚನೆಗಳಲ್ಲಿ ಗ್ರೀಕ್ ಅಂಗಕ್ಕೆ ಗ್ರೀಕ್ ಅಂಗವೇ ಬೇಕೆಂಬ ನಿಯಮವೂ ಸಡಿಲವಾಗಿದೆ. ಪಾಲಿನಾಮಿಯಲ್ ಎಂಬುದರ ಉತ್ತರಭಾಗ ‘ಬೈನಾಮಿಯಲ್’ ಮಾದರಿಯಿಂದ ಬಂದದ್ದು. 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಪಾಲಿಅಮರಿಯ ಉತ್ತರಭಾಗ ಲ್ಯಾಟಿನ್ನಿನ ‘ಅಮೊರ್’. ಪಾಲಿಅನ್‌ಸ್ಯಾಚುರೇಟೆಡ್ ಎಂಬುದರಲ್ಲಿ ಗ್ರೀಕಿನ ಪೂರ್ವಾಂಗ, ಇಂಗ್ಲಿಷಿನ ನಿಷೇಧಾರ್ಥಕ, ಲ್ಯಾಟಿನ್ನಿನ ಧಾತು, ಮತ್ತೆ ಇಂಗ್ಲಿಷಿನ ಕೃದಂತ ಪ್ರತ್ಯಯ ಸಾಲಾಗಿ ನಿಂತಿವೆ. ಭಾಷಾಶುದ್ಧಿಯ ದೃಷ್ಟಿಯಿಂದ ಇವನ್ನು ಆಕ್ಷೇಪಿಸುವುದುಂಟು. ವಿವರಣಾತ್ಮಕ ಭಾಷಾವಿಜ್ಞಾನಕ್ಕೆ ಮಾತ್ರ ಇವು ಮಹತ್ವದ ಸಾಕ್ಷ್ಯ: ಅಂಗವೊಂದು ಯಾವ ಮೂಲದ ಧಾತುವಿಗಾದರೂ ಹತ್ತಬಲ್ಲುದಾದರೆ ಅದು ಇಂಗ್ಲಿಷಿನ ಸ್ವಂತ ಸಾಧನವಾಯಿತೆಂದರ್ಥ.

7. ಪೂರ್ವಾಂಗದಿಂದ ನಾಮಪದಕ್ಕೆ

ಕೊನೆಯ ಹಂತ ಸಂಕ್ಷೇಪಣ. 1794ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾಗಿ ಮರುವರ್ಷ ‘ಎಕೋಲ್ ಪಾಲಿಟೆಕ್ನೀಕ್’ ಎಂಬ ಹೆಸರು ಪಡೆದ ಸಂಸ್ಥೆಯ ಮಾದರಿಯಿಂದ ಹರಡಿದ ‘ಪಾಲಿಟೆಕ್ನಿಕ್’, ಅಂದರೆ ‘ಅನೇಕ ಕಲೆಗಳ’ ಶಾಲೆ, ಬ್ರಿಟನ್ನಿನ ಆಡುಮಾತಿನಲ್ಲಿ ‘ಪಾಲಿ’ ಆಯಿತು. ಪಾಲಿಥೀನ್ ಚೀಲ ‘ಪಾಲಿಬ್ಯಾಗ್’ ಆಯಿತು. ಪಾಲಿಅಮರಿಯನ್ನು ಅನುಸರಿಸುವವರು ತಮ್ಮನ್ನು ‘ಪಾಲಿ’ ಎಂದು ಕರೆದುಕೊಳ್ಳುತ್ತಾರೆ. ತೋಟಗಾರಿಕೆಯ ಇಂಗ್ಲಿಷಿನಿಂದ ಕನ್ನಡದ ರೈತರ ಮಾತಿಗೂ ಬಂದಿರುವ ‘ಪಾಲಿಹೌಸ್’ ಎಂಬುದರಲ್ಲಿ ‘ಪಾಲಿ’ ಎಂದರೆ ಹೊದಿಸಿದ ಪ್ಲಾಸ್ಟಿಕ್ ಹಾಳೆ.

ಇವುಗಳಲ್ಲಿ ಉಳಿದಿರುವುದು ವಿಶೇಷಣ, ಬಿಟ್ಟುಹೋಗಿರುವುದು ವಿಶೇಷ್ಯ. ಉಳಿದ ವಿಶೇಷಣವು ಬಿಟ್ಟುಹೋದ ವಿಶೇಷ್ಯದ ಅರ್ಥವನ್ನೇ ಹೊರುತ್ತದೆ. ಈ ನಾಮಪದ ತಾನೇ ಬಹುವಚನ ಪ್ರತ್ಯಯವನ್ನು ಪಡೆಯಬಲ್ಲದು. ‘ಅನೇಕ’ ಎಂಬುದೇ ಅನೇಕವಾಗುವಾಗ ಭಾಷಿಕರಿಗೆ ಪುನರುಕ್ತಿಯೆನಿಸುವುದಿಲ್ಲ. ಮೂಲಾರ್ಥ ಇಲ್ಲಿ ಪೂರ್ಣವಾಗಿ ನಂದಿದೆ ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ಹಾಗಾದರೆ ಈ ಮೂರು ‘ಪಾಲಿ’ಗಳು ಒಂದೇ ಪದದ ಮೂರು ಅರ್ಥಗಳೋ, ಮೂರು ಸಮಧ್ವನಿ ಪದಗಳೋ? ಅಂದರೆ, ಇದು ಪಾಲಿಸೆಮಿಯೋ ಹೊಮಾನಿಮಿಯೋ? ಇತಿಹಾಸವನ್ನು ಆಧರಿಸಿದರೆ ಎಲ್ಲಕ್ಕೂ ಮೂಲ ಒಂದೇ. ಇಂದಿನ ಭಾಷಿಕರ ಅರಿವನ್ನು ಆಧರಿಸಿದರೆ ವಿದ್ಯಾಲಯಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಅರ್ಥದ ಸೇತುವೆ ಇಲ್ಲ. ಮಿಶೆಲ್ ಬ್ರೆಯಾಲ್ 1897ರ ತನ್ನ ಅರ್ಥವಿಜ್ಞಾನದ ಗ್ರಂಥದಲ್ಲಿ ಚರ್ಚಿಸಿದ ‘ಪಾಲಿಸೆಮಿ’ಯ ಪರಿಕಲ್ಪನೆಗೆ, ಆ ಹೆಸರಿನ ಪೂರ್ವಾ‌ಂಗವೇ ಒಂದು ಪರೀಕ್ಷೆಯಾಗಿ ನಿಲ್ಲುತ್ತದೆ. ಇಂದಿನ ವ್ಯವಸ್ಥೆಯನ್ನು ವಿವರಿಸುವ ವ್ಯಾಕರಣದಲ್ಲಿ ಇವನ್ನು ಸಮಧ್ವನಿ ಪದಗಳೆಂದೇ ನಮೂದಿಸಬೇಕೆಂಬುದು ನಮ್ಮ ನಿಲುವು.

8. ಕನ್ನಡದ ‘ಬಹು-’

ಇಂಗ್ಲಿಷಿನಲ್ಲಿ ಗ್ರೀಕಿನ ‘ಪಾಲಿ-’ ಜೊತೆಗೆ ಲ್ಯಾಟಿನ್ನಿನ ‘ಮಲ್ಟಿ-’ ಕೂಡ ಇದೆ. ‘ಮಲ್ಟಿ-’ ದಿನಬಳಕೆಯ ಪದಗಳಿಗೂ ಸುಲಭವಾಗಿ ಹತ್ತುತ್ತದೆ. ‘ಪಾಲಿ-’ ಹೆಚ್ಚಾಗಿ ಶಾಸ್ತ್ರಗಳ ಆವರಣದಲ್ಲಿ ಉಳಿದಿದೆ. ಪಾಲಿಗ್ಲಾಟ್ ವ್ಯಕ್ತಿಯ ಸಾಮರ್ಥ್ಯಕ್ಕೂ ಮಲ್ಟಿಲಿಂಗ್ವಲ್ ವ್ಯಕ್ತಿಗೂ ಸಮಾಜಕ್ಕೂ ಸಲ್ಲುವಂತಹ ಭೇದಗಳು ಹೀಗೆ ಬೆಳೆದಿವೆ. ಕನ್ನಡದಲ್ಲಿ ಎರಡಕ್ಕೂ ‘ಬಹು-’ ಬರುವುದರಿಂದ ಈ ಭೇದ ಉಳಿಯುವುದಿಲ್ಲ. ಉತ್ತರಪದದಲ್ಲಿ ಭೇದವನ್ನು ತೋರಿಸುವ ದಾರಿ ಮಾತ್ರ ನಮಗೆ ತೆರೆದಿದೆ: ಬಹುಪತ್ನಿತ್ವ, ಬಹುಪತಿತ್ವ ಎಂಬ ಜೋಡಿಯಲ್ಲಿ ಅದು ಚೆನ್ನಾಗಿ ಫಲಿಸಿದೆ. ಬಹುಭುಜಾಕೃತಿ ಎಂಬಲ್ಲಿ ಗ್ರೀಕಿನ ಕೋನವನ್ನು ಬಿಟ್ಟು ಭುಜವನ್ನು ಆಯ್ದುಕೊಂಡಿರುವುದು, ಭಾಷಾಂತರಿತ ಎರವಲು ಮೂಲದ ನೆರಳಾಗಿರಬೇಕಿಲ್ಲ ಎಂಬುದನ್ನು ತೋರಿಸುತ್ತದೆ.

‘ಬಹು-’ ಸ್ವತಃ ಏಕಾರ್ಥಿಯಲ್ಲ ಎಂಬುದನ್ನೂ ನೆನಪಿಡಬೇಕು. ಬಹುಭಾಷೆ ಎಂಬಲ್ಲಿ ಅದು ಎಣಿಕೆ. ಬಹುದೂರ ಎಂಬಲ್ಲಿ ಪರಿಮಾಣ. ಬಹುಮಾನ ಎಂಬಲ್ಲಿ, ಪದ ಈಗ ಪಡೆದಿರುವ ಉಡುಗೊರೆಯ ಅರ್ಥದ ಹಿಂದೆ, ಗೌರವದ ಆಧಿಕ್ಯ. ಬಹುಮತ ಎಂಬಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು. ಗ್ರೀಕಿನ ‘ಪೊಲುಸ್’ ಹೊಂದಿರುವ ಅರ್ಥವ್ಯಾಪ್ತಿಗೆ ಇದು ಬಹುಮಟ್ಟಿಗೆ ಸಮಾನ. ಆದುದರಿಂದ ಬಹುವ್ರೀಹಿ ಮೂಲದ ಹಳೆಯ ಪದಗಳಿಗೆ ‘ಬಹು-’ ಸಹಜವಾಗಿ ಹೊಂದುತ್ತದೆ. ತೊಡಕು ಎದುರಾಗುವುದು ಉಳಿದ ಪದರಗಳಲ್ಲಿ.

ಈ ಹಿನ್ನೆಲೆಯಲ್ಲಿ ಕನ್ನಡದ ಪಾರಿಭಾಷಿಕ ಕೋಶಗಳಿಗೆ ನಾವು ಸೂಚಿಸುವ ಕ್ರಮ ಇದು. ಎಣಿಕೆ ನಿಜವಾಗಿ ಇರುವಲ್ಲಿ ‘ಬಹು-’ ಇರಲಿ. ಜೊತೆಗೆ ಆ ಶಾಸ್ತ್ರದಲ್ಲಿ ಅದರ ಕೆಳಮಿತಿ ಎಷ್ಟೆಂಬುದನ್ನು ವಿವರಣೆಯಲ್ಲಿ ನಮೂದಿಸಲಿ. ಪ್ರಮಾಣಾಧಿಕ್ಯ ಅಥವಾ ಸಹಜಮಿತಿಯ ಉಲ್ಲಂಘನೆ ಇರುವ ವೈದ್ಯಕೀಯ ಪದಗಳಲ್ಲಿ ‘ಅತಿ-’ ಎಂಬ ಉಪಸರ್ಗವೇ ಹೆಚ್ಚು ಸ್ಪಷ್ಟ. ಅತಿಮೂತ್ರ ಎಂದಾಗ ಎಣಿಕೆಯ ಭ್ರಮೆ ಹುಟ್ಟುವುದಿಲ್ಲ. ರಾಸಾಯನಿಕ ನಾಮಕರಣದಲ್ಲಿ ‘ಪಾಲಿ-’ ಒಂದು ಅಂತರರಾಷ್ಟ್ರೀಯ ಗುರುತಾಗಿರುವುದರಿಂದ ಅದನ್ನು ಎರವಲಾಗಿಯೇ ಉಳಿಸಿಕೊಳ್ಳುವುದು ಯುಕ್ತ. ಸಂಕ್ಷೇಪದಿಂದ ಬಂದ ಪದಗಳಲ್ಲಿ ವಿಶ್ಲೇಷಣೆಗೆ ಅವಕಾಶವೇ ಇಲ್ಲ. ಪಾಲಿಹೌಸನ್ನು ‘ಬಹುಗೃಹ’ವೆಂದು ಯಾರೂ ಅನುವಾದಿಸಲಾರರು.

ನಮ್ಮ ಶಾಸ್ತ್ರದ ಪದವೊಂದನ್ನೂ ಇಲ್ಲಿ ಪರಿಶೀಲಿಸಬೇಕು. ಪಾಲಿಸೆಮಿಗೆ ‘ನಾನಾರ್ಥ’ ಎಂಬ ಪದವನ್ನು ಬಳಸುವುದುಂಟು. ಅಮರಕೋಶದ ನಾನಾರ್ಥವರ್ಗದಂತಹ ಸಂಪ್ರದಾಯದಲ್ಲಿ ಈ ಪದದ ವ್ಯಾಪ್ತಿ ದೊಡ್ಡದು. ಪರಸ್ಪರ ಸಂಬಂಧವುಳ್ಳ ಅರ್ಥಗಳೂ ಸಂಬಂಧವಿಲ್ಲದ ಅರ್ಥಗಳೂ ಒಂದೇ ರೂಪದ ಕೆಳಗೆ ಸೇರುತ್ತವೆ. ಪಾಲಿಸೆಮಿ, ಹೊಮಾನಿಮಿಗಳ ಭೇದವನ್ನು ಚರ್ಚಿಸುವಾಗ ‘ನಾನಾರ್ಥ’ವನ್ನು ಎರಡನ್ನೂ ಒಳಗೊಳ್ಳುವ ಮೇಲ್ವರ್ಗದ ಹೆಸರಾಗಿಯೂ ‘ಬಹ್ವರ್ಥತೆ’ಯನ್ನು ಪಾಲಿಸೆಮಿಗೆ ಮೀಸಲಾಗಿಯೂ ಬಳಸಿದರೆ, ಹಳೆಯ ಕೋಶಸಂಪ್ರದಾಯವೂ ಹೊಸ ಭೇದವೂ ಒಟ್ಟಿಗೆ ಉಳಿಯುತ್ತವೆ.

9. ಉಪಸಂಹಾರ

‘ಪಾಲಿ-’ ಪೂರ್ವಪ್ರತ್ಯಯವೋ ಸಮಾಸಾಂಗವೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂದು ಮೇಲಿನ ವಿವೇಚನೆಯಿಂದ ತಿಳಿಯುತ್ತದೆ. ಪಾಲಿಪ್ ಎಂಬಲ್ಲಿ ಅದು ಇಂದಿನ ವಿಶ್ಲೇಷಣೆಗೆ ಸಿಕ್ಕುವುದೇ ಇಲ್ಲ. ಪಾಲಿಗ್ಲಾಟ್ ಎಂಬಲ್ಲಿ ಸಮಾಸದ ಪೂರ್ವಪದ. ಪಾಲಿಎಥಿಲೀನ್ ಎಂಬಲ್ಲಿ ಪ್ರತ್ಯಯಸಮಾನವಾದ ಗುರುತು. ಪಾಲಿಬ್ಯಾಗ್ ಎಂಬಲ್ಲಿ ನಾಮಪದ. ಈ ನಾಲ್ಕು ಸ್ಥಿತಿಗಳೂ ಇಂದಿನ ಇಂಗ್ಲಿಷಿನಲ್ಲಿ ಏಕಕಾಲದಲ್ಲಿ ಇವೆ. ‘ಅನೇಕ’ ಎಂಬ ಏಕೈಕ ಅರ್ಥವನ್ನು ಎಲ್ಲಕ್ಕೂ ಹೊಂದಿಸಿದರೆ ಪದಗಳ ಇತಿಹಾಸವೂ ಅವುಗಳ ಇಂದಿನ ಕಾರ್ಯವೂ ಮರೆಯಾಗುತ್ತವೆ. ಕೋಶಕಾರನು ಪ್ರತಿ ‘ಪಾಲಿ-’ ಪದದ ಮುಂದೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದರ ಮೂಲವೇನು’ ಎಂಬುದಲ್ಲ, ‘ಇದರ ಎದುರಿಗೆ ಏನಿದೆ’ ಎಂಬುದು. ಅನುವಾದದ ಆಯ್ಕೆ ಆ ಉತ್ತರವನ್ನು ಅನುಸರಿಸಬೇಕು.